ಕೈಗಣಕಗಳ ಕಾರ್ಯಾಚರಣ ವ್ಯವಸ್ಥೆಗಳು: ಸ್ಥಿರತೆ ಮತ್ತು ಕನ್ನಡ ಪಠ್ಯ

ಜನಪದ ಗೀತೆಯ ಪಾಠಾಂತರಗಳನ್ನು ಗುರುತು ಹಾಕಿಕೊಳ್ಳಲು, ಉಪಭಾಷೆಯ ಪದಗಳನ್ನು ಪಟ್ಟಿಮಾಡಲು, ವಕ್ತೃವಿನ ಧ್ವನಿಯನ್ನು ದಾಖಲಿಸಲು ಕನ್ನಡ ಸಂಶೋಧಕರು ಇಂದು ಹೆಚ್ಚಾಗಿ ಆಶ್ರಯಿಸುವ ಸಾಧನ ಅಂಗೈಯಲ್ಲಿ ಹಿಡಿಯುವ ಗಣಕ, ಅಂದರೆ ಸ್ಮಾರ್ಟ್‌ಫೋನ್. ಒಂದು ಕಾಲಕ್ಕೆ ಈ ಕೆಲಸಗಳಿಗೆ ಟಿಪ್ಪಣಿ ಪುಸ್ತಕವೂ ಟೇಪ್ ರೆಕಾರ್ಡರೂ ಬೇಕಾಗಿದ್ದವು. ಪುಸ್ತಕ ಮಳೆಯಲ್ಲಿ ನೆನೆಯಬಹುದಿತ್ತು, ಅದಕ್ಕೆ ಗೆದ್ದಲು ಹಿಡಿಯಬಹುದಿತ್ತು. ಆದರೆ ಬರೆದ ಅಕ್ಷರ ಮತ್ತೊಂದು ಅಕ್ಷರವಾಗಿ ಮಾರ್ಪಡುತ್ತಿರಲಿಲ್ಲ. ಪುಸ್ತಕ ತಯಾರಿಸಿದವರು ಅಂಗಡಿ ಮುಚ್ಚಿದರೆಂಬ ಕಾರಣಕ್ಕೆ ಹಳೆಯ ಪುಟಗಳು ಓದಲಾಗದೆ ಹೋಗುತ್ತಿರಲಿಲ್ಲ. ಕೈಗಣಕಗಳ ಚರಿತ್ರೆಯಲ್ಲಿ ಇವೆರಡೂ ನಡೆದಿವೆ. ಆದ್ದರಿಂದ ಈ ಸಾಧನಗಳನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಗಳ ಸ್ವರೂಪವನ್ನು ತಿಳಿಯುವುದು ಗಣಕ ವಿಜ್ಞಾನದವರಿಗೆ ಮಾತ್ರ ಸೇರಿದ ವಿಷಯವಾಗಿ ಉಳಿದಿಲ್ಲ. ಪಠ್ಯವನ್ನೇ ಆಕರವಾಗಿ ಉಳ್ಳ ಭಾಷಾ ವಿಭಾಗಗಳಿಗೂ ಅದು ಸೇರಿದ್ದಾಗಿದೆ.

ಕಾರ್ಯಾಚರಣ ವ್ಯವಸ್ಥೆ ಎಂದರೆ ಯಂತ್ರಾಂಶಕ್ಕೂ ಬಳಕೆದಾರನ ಅನ್ವಯ ತಂತ್ರಾಂಶಗಳಿಗೂ ನಡುವೆ ನಿಂತು ಮೆಮರಿ, ಕಡತ, ಪರದೆ, ವಿದ್ಯುತ್ತು ಇವುಗಳನ್ನು ಹಂಚುವ ಮೂಲ ತಂತ್ರಾಂಶ. ಅದರ ಸ್ಥಿರತೆಯನ್ನು ಸಾಮಾನ್ಯವಾಗಿ ಅಳೆಯುವುದು ಅದು ಎಷ್ಟು ದಿನ ಸ್ಥಗಿತಗೊಳ್ಳದೆ ನಡೆಯುತ್ತದೆ ಎಂಬುದರಿಂದ. ಮೇಜಿನ ಮೇಲಿನ ಗಣಕಕ್ಕೆ ಈ ಅಳತೆ ಮಟ್ಟಿಗೆ ಸರಿ. ಕೈಗಣಕಕ್ಕೆ ಅದು ಸಾಲದು. ಬ್ಯಾಟರಿ ಮುಗಿಯುವುದು, ಮೆಮರಿ ಸಾಲದಾಗುವುದು, ನಡುವೆ ಕರೆ ಬರುವುದು ಇಲ್ಲಿ ಅಪವಾದಗಳಲ್ಲ, ದಿನನಿತ್ಯದ ಸ್ಥಿತಿ. ಹೀಗಿರುವಲ್ಲಿ ವ್ಯವಸ್ಥೆ ಬಿದ್ದಿತೇ ಎಂಬುದಕ್ಕಿಂತ, ಬಿದ್ದಾಗ ಬರೆದದ್ದು ಏನಾಯಿತು ಎಂಬ ಪ್ರಶ್ನೆಯೇ ಮುಖ್ಯವಾಗುತ್ತದೆ. ಕನ್ನಡದಂತಹ ಲಿಪಿಗೆ ಇನ್ನೂ ಒಂದು ಪ್ರಶ್ನೆ ಸೇರುತ್ತದೆ: ಉಳಿದುಕೊಂಡ ಪಠ್ಯ ಬರೆದಂತೆಯೇ ಉಳಿಯಿತೇ? ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು 1996ರಿಂದೀಚಿನ ಪ್ರಮುಖ ವ್ಯವಸ್ಥೆಗಳನ್ನು ಇಲ್ಲಿ ಹೋಲಿಸಿ ನೋಡಲಾಗಿದೆ.

ಪಾಮ್: ಸರಳತೆಯ ಬಲ ಮತ್ತು ಮಿತಿ

1996ರಲ್ಲಿ ಪೈಲಟ್ 1000 ಮತ್ತು ಪೈಲಟ್ 5000 ಎಂಬ ಎರಡು ಕೈಗಣಕಗಳು ಮಾರುಕಟ್ಟೆಗೆ ಬಂದವು. ಮೊದಲನೆಯದರ ಮೆಮರಿ 128 ಕಿಲೋಬೈಟ್, ಎರಡನೆಯದರದು 512 ಕಿಲೋಬೈಟ್. ಪರದೆ ಉದ್ದಗಲಕ್ಕೆ 160 ಬಿಂದುಗಳಷ್ಟು. ನಡೆಸಲು ಎರಡು ಸಣ್ಣ ಬ್ಯಾಟರಿ. ಇದರ ರೂಪಕರ್ತರಾದ ಜೆಫ್ ಹಾಕಿನ್ಸ್ ಸಾಧನವನ್ನು ತಯಾರಿಸುವ ಮುನ್ನ ಅದೇ ಅಳತೆಯ ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿ, ಯಾವಾಗ ಏತಕ್ಕಾಗಿ ಅದನ್ನು ಹೊರತೆಗೆಯಬೇಕಾಗುತ್ತದೆ ಎಂಬುದನ್ನು ಗಮನಿಸಿದರೆಂಬುದು ಪ್ರಸಿದ್ಧ ಸಂಗತಿ. ಆ ಮರದ ತುಂಡಿನ ವಿವೇಕ ಪಾಮ್ ಓಎಸ್‌ನ ಒಳಗೂ ಕಾಣುತ್ತದೆ.

ಪಾಮ್ ಓಎಸ್‌ನಲ್ಲಿ ಬಳಕೆದಾರನಿಗೆ ಒಂದು ಸಲಕ್ಕೆ ಒಂದೇ ಅನ್ವಯ ತೆರೆದಿರುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ಹೋದರೆ ಮೊದಲಿನದು ಮುಚ್ಚುತ್ತಿತ್ತು. ‘ಉಳಿಸು’ ಎಂಬ ಆದೇಶವೇ ಇರಲಿಲ್ಲ. ಬರೆದದ್ದು ಬರೆದಂತೆ ಸಂಗ್ರಹಕ್ಕೆ ಸೇರುತ್ತಿತ್ತು. ಮೆಮರಿಯನ್ನು ಎರಡು ಭಾಗ ಮಾಡಲಾಗಿತ್ತು: ಕೆಲಸ ನಡೆಯುವಾಗ ಬೇಕಾಗುವ ತಾತ್ಕಾಲಿಕ ಭಾಗ ಒಂದು, ದತ್ತಾಂಶವನ್ನು ಇಡುವ ಸಂಗ್ರಹ ಭಾಗ ಇನ್ನೊಂದು. ಈ ಎರಡನೆಯ ಭಾಗಕ್ಕೆ ಅನ್ವಯಗಳು ನೇರವಾಗಿ ಬರೆಯುವಂತಿರಲಿಲ್ಲ. ವ್ಯವಸ್ಥೆಯ ಮೂಲಕವೇ ಬರೆಯಬೇಕಾಗಿತ್ತು. ಇದರ ಫಲ ಗಮನಾರ್ಹ. ದೋಷವುಳ್ಳ ಅನ್ವಯವೊಂದು ಇಡೀ ಸಾಧನವನ್ನು ಸ್ಥಗಿತಗೊಳಿಸುವುದು ಪಾಮ್‌ನಲ್ಲಿ ಅಪರೂಪವಾಗಿರಲಿಲ್ಲ. ಗಂಭೀರ ದೋಷದ ಸೂಚನೆಯೂ ಮರುಪ್ರಾರಂಭದ ಗುಂಡಿಯೂ ಪರದೆಯ ಮೇಲೆ ಮೂಡುತ್ತಿದ್ದವು. ಆದರೆ ಮರುಪ್ರಾರಂಭವಾದ ಮೇಲೆ ಟಿಪ್ಪಣಿಗಳು ಸಾಮಾನ್ಯವಾಗಿ ಇದ್ದಲ್ಲಿಯೇ ಇರುತ್ತಿದ್ದವು. ವ್ಯವಸ್ಥೆ ಬೀಳುತ್ತಿತ್ತು, ಪಠ್ಯ ಉಳಿಯುತ್ತಿತ್ತು.

ಬ್ಯಾಟರಿಯ ವಿಷಯದಲ್ಲಿ ಸ್ಥಿತಿ ಇದಕ್ಕೆ ವಿರುದ್ಧ. ಸಂಗ್ರಹವೂ ವಿದ್ಯುತ್ತನ್ನೇ ನಂಬಿದ ಮೆಮರಿಯಲ್ಲಿದ್ದುದರಿಂದ ಬ್ಯಾಟರಿ ಪೂರ್ತಿ ಮುಗಿದರೆ ಎಲ್ಲವೂ ಅಳಿಸಿಹೋಗುತ್ತಿತ್ತು. ಹಳೆಯ ಬ್ಯಾಟರಿ ತೆಗೆದು ಹೊಸದನ್ನು ಹಾಕಲು ಒಂದು ನಿಮಿಷದಷ್ಟು ಮಾತ್ರ ಕಾಲಾವಕಾಶವಿತ್ತು. ಪಾಮ್‌ನ ವಿನ್ಯಾಸಕರು ಇದಕ್ಕೆ ಒದಗಿಸಿದ ಪರಿಹಾರ ಸಾಧನದ ಹೊರಗಿತ್ತು: ಹಾಟ್‌ಸಿಂಕ್ ಎಂಬ ಒಂದು ಗುಂಡಿಯನ್ನು ಒತ್ತಿದರೆ ಮೇಜಿನ ಗಣಕದಲ್ಲಿ ಎಲ್ಲದರ ಪ್ರತಿ ಆಗುತ್ತಿತ್ತು. ಕೈಗಣಕ ಮೂಲವಲ್ಲ, ಮೂಲವೊಂದರ ಪ್ರತಿ ಎಂಬ ನಿಲುವು ಇದರ ಹಿಂದಿದೆ. ಹಸ್ತಪ್ರತಿಶಾಸ್ತ್ರದ ಪರಿಚಯವಿರುವವರಿಗೆ ಈ ನಿಲುವು ಹೊಸದಲ್ಲ.

ಕನ್ನಡದ ದೃಷ್ಟಿಯಿಂದ ಪಾಮ್ ಓಎಸ್ ಬಹುಮಟ್ಟಿಗೆ ಮುಚ್ಚಿದ ಬಾಗಿಲು. ಅದರ ಪಠ್ಯವ್ಯವಸ್ಥೆ ಯೂನಿಕೋಡನ್ನು ಆಧರಿಸಿರಲಿಲ್ಲ. ಪ್ರತಿ ಸಾಧನಕ್ಕೆ ಒಂದು ಅಕ್ಷರಸಂಕೇತ, ಅದು ಲ್ಯಾಟಿನ್ ಅಥವಾ ಜಪಾನಿಯಂತಹ ಒಂದು ಭಾಷೆಗೆ ಮೀಸಲು. ವಿಶಿಷ್ಟ ಫಾಂಟನ್ನು ಹಾಕಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುವ ಉಪಾಯ ಸಾಧ್ಯವಿತ್ತಾದರೂ, ಹಾಗೆ ಬರೆದದ್ದು ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಬಿಡುತ್ತಿತ್ತು. ಮೇಜಿನ ಗಣಕದಲ್ಲಿ ಹಳೆಯ ನುಡಿ, ಬರಹ ಕಡತಗಳನ್ನು ತೆರೆದವರಿಗೆ ಇದರ ಅನುಭವವಿದೆ.

ಸಿಂಬಿಯನ್: ಕೊರತೆಯನ್ನು ನಿರೀಕ್ಷಿಸಿ ಕಟ್ಟಿದ ವ್ಯವಸ್ಥೆ

ಇಂಗ್ಲೆಂಡಿನ ಸಯಾನ್ ಸಂಸ್ಥೆ 1997ರಲ್ಲಿ ತನ್ನ ಸೀರೀಸ್ 5 ಕೈಗಣಕಕ್ಕಾಗಿ ಎಪಾಕ್ ಎಂಬ 32 ಬಿಟ್ ವ್ಯವಸ್ಥೆಯನ್ನು ಹೊರತಂದಿತು. 1998ರಲ್ಲಿ ಸಯಾನ್, ನೋಕಿಯಾ, ಎರಿಕ್ಸನ್, ಮೋಟೊರೋಲಾ ಸೇರಿ ಸಿಂಬಿಯನ್ ಎಂಬ ಸಂಸ್ಥೆಯನ್ನು ಕಟ್ಟಿದಾಗ ಆ ವ್ಯವಸ್ಥೆಯೇ ಸಿಂಬಿಯನ್ ಓಎಸ್ ಆಯಿತು. ನೋಕಿಯಾ 9210 (2001), ನೋಕಿಯಾ 7650 (2002) ಮೊದಲಾದ ದೂರವಾಣಿಗಳ ಮೂಲಕ ಅದು ಜಗತ್ತಿನಾದ್ಯಂತ ಹರಡಿತು.

ಸ್ಥಿರತೆಯ ಅಧ್ಯಯನಕ್ಕೆ ಸಿಂಬಿಯನ್‌ನಷ್ಟು ಬೋಧಪ್ರದವಾದ ಉದಾಹರಣೆ ಬೇರೆ ಇಲ್ಲ ಎನ್ನಬಹುದು. ಮೆಮರಿ ಯಾವ ಕ್ಷಣದಲ್ಲಾದರೂ ಸಿಗದೆ ಹೋಗಬಹುದು ಎಂಬ ಭಾವನೆಯೇ ಅದರ ತಳಹದಿ. ಅನ್ವಯವೊಂದು ಕೆಲಸದ ನಡುವೆ ಮೆಮರಿಗಾಗಿ ಕೈಚಾಚಿ ಅದು ದೊರೆಯದಿದ್ದರೆ, ಅರ್ಧಕ್ಕೆ ನಿಂತ ಕೆಲಸವನ್ನು ಕ್ರಮವಾಗಿ ಬಿಚ್ಚಿ ಹಿಂದಿನ ಸ್ಥಿತಿಗೆ ಮರಳಬೇಕು. ಇದಕ್ಕಾಗಿ ತೆಗೆದುಕೊಂಡ ಪ್ರತಿಯೊಂದು ಸಂಪನ್ಮೂಲವನ್ನೂ ಒಂದು ಶುಚಿಕ್ರಮದ ಪಟ್ಟಿಯಲ್ಲಿ ಮೊದಲೇ ದಾಖಲಿಸಬೇಕಾಗಿತ್ತು. ತಂತ್ರಾಂಶ ರಚನೆಯ ಹಂತದಲ್ಲಿ ಮೆಮರಿ ಸಿಗದಂತೆ ಬೇಕೆಂದೇ ಮಾಡಿ, ಆಗ ಅನ್ವಯ ಹೇಗೆ ವರ್ತಿಸುತ್ತದೆ ಎಂದು ಪರೀಕ್ಷಿಸುವ ಸಾಧನಗಳನ್ನು ವ್ಯವಸ್ಥೆಯೇ ಒದಗಿಸಿತ್ತು. ಕರೆ, ಸಂದೇಶ, ಕಡತ ಇವುಗಳನ್ನು ನೋಡಿಕೊಳ್ಳುವ ಸೇವೆಗಳು ಪರಸ್ಪರ ಬೇರ್ಪಟ್ಟು ನಡೆಯುತ್ತಿದ್ದುದರಿಂದ ಒಂದರ ಕುಸಿತ ಇನ್ನೊಂದಕ್ಕೆ ಸುಲಭವಾಗಿ ಹರಡುತ್ತಿರಲಿಲ್ಲ. ದಿನಗಟ್ಟಲೆ ಆರಿಸದೆ ಇಟ್ಟಿರುವ ದೂರವಾಣಿಗೆ ಇಂತಹ ಕಟ್ಟುನಿಟ್ಟು ಅವಶ್ಯಕವೂ ಆಗಿತ್ತು.

ಈ ಕಟ್ಟುನಿಟ್ಟಿಗೆ ತೆತ್ತ ಬೆಲೆಯೂ ಕಡಿಮೆಯಲ್ಲ. ಸಾಮಾನ್ಯ ಸಿ++ ಬಲ್ಲವರು ಸಿಂಬಿಯನ್‌ನ ಸಿ++ ಅನ್ನು ಹೊಸ ಭಾಷೆಯಂತೆ ಕಲಿಯಬೇಕಾಗಿತ್ತು. ಒಂದು ಪದವನ್ನು ಪರದೆಯ ಮೇಲೆ ತೋರಿಸಲೂ ಹಲವು ವಿಧಿಗಳನ್ನು ಪಾಲಿಸಬೇಕಿತ್ತು. 2004ರಲ್ಲಿ ಬ್ಲೂಟೂತ್ ಮೂಲಕ ಹರಡುವ ಕಬೀರ್ ಎಂಬ ಹಾವಳಿ ತಂತ್ರಾಂಶ ಕಾಣಿಸಿಕೊಂಡಿತು. 2005ರ 9ನೆಯ ಆವೃತ್ತಿಯಲ್ಲಿ ಭದ್ರತೆಗಾಗಿ ಅನುಮತಿ ಹಾಗೂ ಪ್ರಮಾಣೀಕರಣದ ಪದ್ಧತಿ ಬಂದಿತು. ಅದರೊಂದಿಗೆ ಹಿಂದಿನ ಆವೃತ್ತಿಗಳಿಗೆ ಬರೆದ ಅನ್ವಯಗಳು ಹೊಸ ಸಾಧನಗಳಲ್ಲಿ ನಡೆಯದಾದವು. ವ್ಯವಸ್ಥೆ ಒಳಗಿನಿಂದ ಹೆಚ್ಚು ಸ್ಥಿರವಾಯಿತು. ಅದನ್ನು ನಂಬಿ ಬರೆದವರ ಶ್ರಮ ಅಸ್ಥಿರವಾಯಿತು. ಈ ವೈಪರೀತ್ಯ ಮುಂದೆಯೂ ಮರುಕಳಿಸುವುದರಿಂದ ಇಲ್ಲಿಯೇ ಗುರುತಿಸಿಕೊಳ್ಳುವುದು ಒಳ್ಳೆಯದು.

ಸಿಂಬಿಯನ್ 2001ರ ಹೊತ್ತಿಗೆ 16 ಬಿಟ್ ಯೂನಿಕೋಡ್ ಪಠ್ಯವನ್ನು ಅಳವಡಿಸಿಕೊಂಡಿತ್ತು. ಹಾಗೆಂದು ಅದರಲ್ಲಿ ಕನ್ನಡ ಓದಲು ಬರುತ್ತಿತ್ತೆಂದು ಭಾವಿಸಬಾರದು. ಸಂಕೇತವನ್ನು ಕಾಪಾಡುವುದು ಬೇರೆ, ಲಿಪಿಯನ್ನು ಮೂಡಿಸುವುದು ಬೇರೆ. ‘ಕ್ಷೇತ್ರ’ ಎಂಬ ಪದವನ್ನು ತೆಗೆದುಕೊಳ್ಳಬಹುದು. ಕಣ್ಣಿಗೆ ಅದು ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಕಕಾರ, ವಿರಾಮ, ಷಕಾರ, ಏತ್ವ, ತಕಾರ, ವಿರಾಮ, ರಕಾರ ಎಂಬ ಏಳು ಸಂಕೇತಗಳು. ಕಿರುಸಂದೇಶದಲ್ಲಿ ರೋಮನ್ ಲಿಪಿಗೆ 160 ಅಕ್ಷರಗಳ ಅವಕಾಶವಿದ್ದರೆ ಯೂನಿಕೋಡ್ ಬಳಸಿದಾಗ 70 ಸಂಕೇತಗಳಿಗೆ ಮಾತ್ರ ಜಾಗವಿರುತ್ತದೆ. ಅದರಲ್ಲಿ ಹತ್ತನೆಯ ಒಂದು ಪಾಲನ್ನು ಈ ಒಂದೇ ಪದ ನುಂಗುತ್ತದೆ. ಈ ಏಳನ್ನು ಎರಡು ಅಕ್ಷರಗಳಾಗಿ ಜೋಡಿಸಿ, ಒತ್ತಕ್ಷರವನ್ನು ಕೆಳಗಿಳಿಸಿ, ಏತ್ವವನ್ನು ಅದರ ಸ್ಥಾನದಲ್ಲಿ ಕೂರಿಸುವ ಕೆಲಸ ಲಿಪಿವಿನ್ಯಾಸ ತಂತ್ರಾಂಶದ್ದು. ಅದಿಲ್ಲದ ಸಾಧನದಲ್ಲಿ ಪಠ್ಯ ಇದ್ದೂ ಕಾಣುವುದಿಲ್ಲ. ಸಾಲು ಸಾಲು ಚೌಕಗಳು ಕಾಣುತ್ತವೆ, ಇಲ್ಲವೇ ಅಕ್ಷರಗಳೂ ವಿರಾಮಗಳೂ ಬಿಡಿಬಿಡಿಯಾಗಿ ಚೆಲ್ಲಿಕೊಂಡಿರುತ್ತವೆ.

ಈ ಕೊರತೆಯನ್ನು ದಾಟಲು 2010ರ ಸುಮಾರಿಗೆ ಓದುಗರು ಹಿಡಿದ ದಾರಿಯೊಂದನ್ನು ಇಲ್ಲಿ ಉಲ್ಲೇಖಿಸಬೇಕು. ಒಪೇರಾ ಮಿನಿ ಎಂಬ ಬ್ರೌಸರಿನ ಒಳ ಆಯ್ಕೆಗಳಲ್ಲಿ ಸಂಕೀರ್ಣ ಲಿಪಿಗಳನ್ನು ಚಿತ್ರಗಳಾಗಿ ತರಿಸಿಕೊಳ್ಳುವ ಒಂದು ಆಯ್ಕೆ ಇತ್ತು. ಅದನ್ನು ಒಪ್ಪಿದರೆ ದೂರದ ಗಣಕದಲ್ಲಿ ಲಿಪಿ ಜೋಡಣೆಯಾಗಿ, ಅಕ್ಷರಗಳ ಚಿತ್ರ ಮಾತ್ರ ಕೈಸಾಧನಕ್ಕೆ ಬರುತ್ತಿತ್ತು. ಭಾರತೀಯ ಭಾಷೆಗಳ ಅನೇಕ ಓದುಗರಿಗೆ ದೂರವಾಣಿಯಲ್ಲಿ ತಮ್ಮ ಲಿಪಿ ಸರಿಯಾಗಿ ಕಂಡದ್ದು ಈ ಮಾರ್ಗದಿಂದಲೇ. ಆದರೆ ಹಾಗೆ ಬಂದದ್ದು ಪಠ್ಯದ ಛಾಯೆಯೇ ಹೊರತು ಪಠ್ಯವಲ್ಲ. ಅದರಲ್ಲಿ ಪದ ಹುಡುಕುವುದಾಗಲಿ ಸಾಲನ್ನು ನಕಲಿಸುವುದಾಗಲಿ ಸಾಧ್ಯವಿರಲಿಲ್ಲ.

ವಿಂಡೋಸ್ ಸಿಇ

1996ರ ಕೊನೆಯಲ್ಲಿ ಬಂದ ಮೈಕ್ರೋಸಾಫ್ಟ್‌ನ ವಿಂಡೋಸ್ ಸಿಇ, 2000ದಲ್ಲಿ ಪಾಕೆಟ್ ಪಿಸಿ ಎಂಬ ಹೆಸರಿನಲ್ಲಿಯೂ ಆಮೇಲೆ ವಿಂಡೋಸ್ ಮೊಬೈಲ್ ಎಂಬ ಹೆಸರಿನಲ್ಲಿಯೂ ಪ್ರಚಾರ ಪಡೆಯಿತು. ಮೇಜಿನ ಗಣಕದ ಅಭ್ಯಾಸಗಳನ್ನು ಅಂಗೈಗೆ ಇಳಿಸುವುದು ಅದರ ಗುರಿ. ಅದು ಆರಂಭದಿಂದಲೂ ಯೂನಿಕೋಡ್ ಆಧಾರಿತವಾಗಿತ್ತು, ಏಕಕಾಲಕ್ಕೆ ಹಲವು ಅನ್ವಯಗಳನ್ನು ನಡೆಸುತ್ತಿತ್ತು. 5ನೆಯ ಆವೃತ್ತಿಯವರೆಗೆ ಒಟ್ಟು ಪ್ರಕ್ರಿಯೆಗಳ ಮಿತಿ 32. ಒಂದೊಂದಕ್ಕೂ 32 ಮೆಗಾಬೈಟ್‌ಗಳ ವಿಳಾಸಕ್ಷೇತ್ರ.

ತೊಂದರೆ ಹುಟ್ಟಿದ್ದು ಬಳಕೆಯ ರೀತಿಯಿಂದ. ಕಿಟಕಿಯ ಮೂಲೆಯಲ್ಲಿದ್ದ ಗುಣಿಸು ಚಿಹ್ನೆಯನ್ನು ಒತ್ತಿದರೆ ಮೇಜಿನ ಗಣಕದಲ್ಲಿ ಅನ್ವಯ ಮುಚ್ಚುತ್ತದೆ. ಪಾಕೆಟ್ ಪಿಸಿಯಲ್ಲಿ ಅದು ಮರೆಗೆ ಸರಿಯುತ್ತಿತ್ತು, ಅಷ್ಟೆ. ಮುಚ್ಚಿದೆವೆಂದು ತಿಳಿದ ಅನ್ವಯಗಳು ಒಳಗೇ ಉಳಿದು ಮೆಮರಿಯನ್ನು ತುಂಬಿ ಸಾಧನ ನಿಧಾನವಾಗುತ್ತಿತ್ತು. ಮೆಮರಿ ಕಡಿಮೆಯಾದಾಗ ಅವನ್ನು ಮುಚ್ಚಿಸುವ ಏರ್ಪಾಡು ವ್ಯವಸ್ಥೆಯಲ್ಲಿತ್ತಾದರೂ, ಅದಕ್ಕೆ ಸ್ಪಂದಿಸದ ಅನ್ವಯಗಳು ಧಾರಾಳವಾಗಿದ್ದವು. ದತ್ತಾಂಶ ಇಲ್ಲಿಯೂ ವಿದ್ಯುತ್ತನ್ನು ನಂಬಿದ ಮೆಮರಿಯಲ್ಲಿಯೇ ಇತ್ತು. ಪಾಮ್‌ಗಿಂತ ಹೆಚ್ಚು ವಿದ್ಯುತ್ತನ್ನು ಬಳಸುವ ಸಾಧನದಲ್ಲಿ ಇದು ಇನ್ನಷ್ಟು ಅಪಾಯದ ಸಂಗತಿ. ವಿದ್ಯುತ್ತು ಹೋದರೂ ದತ್ತಾಂಶ ಉಳಿಯುವ ಪದ್ಧತಿ ಬಂದದ್ದು 2005ರ ವಿಂಡೋಸ್ ಮೊಬೈಲ್ 5ರಲ್ಲಿ. ಪಾಮ್ ಸಾಧನಗಳಲ್ಲಿ ಅದೇ ಬದಲಾವಣೆ 2004ರಲ್ಲಿ ಆರಂಭವಾಯಿತು.

ಸಿಂಪ್ಯೂಟರ್: ಬೆಂಗಳೂರಿನ ಪ್ರಯತ್ನ

ಇದುವರೆಗಿನ ವ್ಯವಸ್ಥೆಗಳೆಲ್ಲ ಇಂಗ್ಲಿಷ್ ಬಲ್ಲ, ಮೇಜಿನ ಗಣಕವುಳ್ಳ ಬಳಕೆದಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಅಕ್ಷರಸ್ಥರಲ್ಲದ ಕನ್ನಡಿಗರನ್ನೂ ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ ಕೈಗಣಕವೊಂದಿತ್ತು ಎಂಬುದು ಈ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಂಸ್ಥೆಯವರು ಸೇರಿ ರೂಪಿಸಿದ ಸಿಂಪ್ಯೂಟರ್‌ನ ಮಾದರಿ 2001ರಲ್ಲಿ ಬೆಂಗಳೂರಿನಲ್ಲಿ ಪ್ರಕಟವಾಯಿತು. 2004ರಲ್ಲಿ ಅಮಿಡಾ ಎಂಬ ಹೆಸರಿನ ಆವೃತ್ತಿಯನ್ನು ಪಿಕೋಪೆಟಾ ಸಂಸ್ಥೆ ಭಾರತ್ ಎಲೆಕ್ಟ್ರಾನಿಕ್ಸ್‌ನ ಸಹಯೋಗದಲ್ಲಿ ಹೊರತಂದಿತು.

ಸಿಂಪ್ಯೂಟರ್‌ನ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್. ಪ್ರೊಸೆಸರಿನ ವೇಗ 206 ಮೆಗಾಹರ್ಟ್ಸ್. ಲಿನಕ್ಸ್‌ನಲ್ಲಿ ಒಂದು ಪ್ರಕ್ರಿಯೆ ಇನ್ನೊಂದರ ಮೆಮರಿಯನ್ನು ಮುಟ್ಟದಂತೆ ಪ್ರೊಸೆಸರಿನ ಮಟ್ಟದಲ್ಲಿಯೇ ತಡೆ ಇರುವುದರಿಂದ, ಒಂದು ಅನ್ವಯ ಬಿದ್ದರೆ ಅದೊಂದೇ ಬೀಳುತ್ತದೆ. ಸಿಂಪ್ಯೂಟರ್ ಒಬ್ಬರ ಸ್ವತ್ತಾಗದೆ ಊರಿನ ಹಲವರು ಹಂಚಿಕೊಂಡು ಬಳಸುವ ಸಾಧನವಾಗಲೆಂದು ಅದಕ್ಕೆ ಸ್ಮಾರ್ಟ್ ಕಾರ್ಡ್ ಜೋಡಿಸಲಾಗಿತ್ತು. ಒಬ್ಬೊಬ್ಬರ ಮಾಹಿತಿ ಅವರವರ ಕಾರ್ಡಿನಲ್ಲಿ ಇರುವಂತೆ ಯೋಚಿಸಲಾಗಿತ್ತು. ಬಳಕೆದಾರನ ಬರಹವನ್ನು ಸಾಧನದ ಹೊರಗೆ, ಅವನ ಕೈಯಲ್ಲಿಯೇ ಇಡುವ ಈ ಕಲ್ಪನೆ ಪಾಮ್‌ನ ಹಾಟ್‌ಸಿಂಕ್‌ಗಿಂತ ಒಂದು ಹೆಜ್ಜೆ ಮುಂದಿನದು. ಕರ್ನಾಟಕದ ಭೂದಾಖಲೆಗಳ ಕೆಲಸದಲ್ಲಿಯೂ ಸಿಂಪ್ಯೂಟರ್ ಬಳಕೆಗೆ ಬಂದಿತ್ತು.

ಸಾಧನ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅಗ್ಗದ ದೂರವಾಣಿಗಳ ಪ್ರವಾಹದಲ್ಲಿ ಅದು ಹಿಂದೆ ಬಿದ್ದಿತು. ಆದರೆ ಅದರ ಜೊತೆಯಲ್ಲಿ ಹುಟ್ಟಿದ ಒಂದು ಭಾಗ ಉಳಿಯಿತು. ಬರಹವನ್ನು ಓದಿ ಹೇಳಲು ಸಿಂಪ್ಯೂಟರ್ ಬಳಗದಲ್ಲಿ ಆರಂಭವಾದ ‘ಧ್ವನಿ’ ಎಂಬ ತಂತ್ರಾಂಶ ಮುಕ್ತ ಪರವಾನಗಿಯಲ್ಲಿದ್ದುದರಿಂದ, ಬೇರೆಯವರ ಕೈಗೆ ಹೋಗಿ ಹಲವು ಭಾರತೀಯ ಭಾಷೆಗಳಿಗೆ ವಿಸ್ತರಿಸಿತು. ಯಂತ್ರ ಹೋದ ಮೇಲೂ ಅದರ ಮಾತು ಉಳಿದದ್ದು ಪರವಾನಗಿಯ ದೆಸೆಯಿಂದ. ಇದೇ ಕಾಲದ ಪಾಮ್ ಓಎಸ್‌ನ 6ನೆಯ ಆವೃತ್ತಿ 2004ರಲ್ಲಿ ಸಿದ್ಧವಾಗಿದ್ದೂ ಯಾವ ಸಾಧನದಲ್ಲಿಯೂ ಬಳಕೆಗೆ ಬಾರದೆ ಹೋಯಿತು. ಅದನ್ನು ಕಟ್ಟಿದವರ ಶ್ರಮವನ್ನು ಬೇರೆಯವರು ಎತ್ತಿಕೊಳ್ಳುವಂತಿರಲಿಲ್ಲ.

ಆಂಡ್ರಾಯ್ಡ್ ಮತ್ತು ಐಓಎಸ್

2007ರ ಐಫೋನ್, 2008ರ ಮೊದಲ ಆಂಡ್ರಾಯ್ಡ್ ದೂರವಾಣಿಯ ನಂತರ ಹಳೆಯ ವ್ಯವಸ್ಥೆಗಳು ಒಂದೊಂದಾಗಿ ಹಿಂದೆ ಸರಿದವು. 2010ರಲ್ಲಿ ಬಂದ ವಿಂಡೋಸ್ ಫೋನ್ 7ರಲ್ಲಿ ವಿಂಡೋಸ್ ಮೊಬೈಲ್‌ನ ಅನ್ವಯಗಳು ನಡೆಯಲಿಲ್ಲ. 2012ರ ವಿಂಡೋಸ್ ಫೋನ್ 8 ಅನ್ನು 7ರ ಸಾಧನಗಳಿಗೆ ಹಾಕಿಕೊಳ್ಳಲಾಗಲಿಲ್ಲ. 2011ರ ಫೆಬ್ರವರಿಯಲ್ಲಿ ನೋಕಿಯಾ ಸಿಂಬಿಯನ್ನನ್ನು ಬಿಟ್ಟು ವಿಂಡೋಸ್ ಫೋನ್ ಹಿಡಿಯುವುದಾಗಿ ಪ್ರಕಟಿಸಿತು. ಆ ದಾರಿಯೂ 2020ರ ಹೊತ್ತಿಗೆ ಮುಗಿಯಿತು. ಒಳಗಿನಿಂದ ಅತ್ಯಂತ ಸ್ಥಿರವಾಗಿದ್ದ ಸಿಂಬಿಯನ್ ಹೊರಗಿನ ನಿರ್ಧಾರವೊಂದರಿಂದ ಬಿದ್ದಿತೆಂಬುದು ಗಮನಿಸತಕ್ಕ ವಿಷಯ.

ಆಂಡ್ರಾಯ್ಡ್‌ನ ತಳದಲ್ಲಿ ಲಿನಕ್ಸ್ ಇದೆ. ಪ್ರತಿ ಅನ್ವಯವನ್ನೂ ಅದು ಪ್ರತ್ಯೇಕ ಬಳಕೆದಾರನೆಂಬಂತೆ ಪರಿಗಣಿಸಿ, ಒಂದರ ಕಡತ ಇನ್ನೊಂದಕ್ಕೆ ಕಾಣದಂತೆ ಬೇಲಿ ಹಾಕುತ್ತದೆ. ಮೆಮರಿ ಸಾಲದಾದಾಗ ಮರೆಯಲ್ಲಿರುವ ಅನ್ವಯಗಳನ್ನು ಅವುಗಳ ಒಪ್ಪಿಗೆ ಕೇಳದೆ ಕೊನೆಗಾಣಿಸುತ್ತದೆ. ಐಓಎಸ್‌ನ ಕ್ರಮವೂ ಸ್ಥೂಲವಾಗಿ ಹೀಗೆಯೇ ಇದೆ. ಸಿಂಬಿಯನ್‌ನಲ್ಲಿ ಕೊರತೆಯನ್ನು ನಿಭಾಯಿಸುವ ಹೊಣೆ ಪ್ರತಿಯೊಂದು ಅನ್ವಯದ ಮೇಲಿದ್ದರೆ, ಇಲ್ಲಿ ವ್ಯವಸ್ಥೆ ತಾನೇ ಕತ್ತಿ ಹಿಡಿದಿದೆ. ಹೀಗಾಗಿ ಸಾಧನ ನಿಲ್ಲುವುದು ಕಡಿಮೆಯಾಗಿದೆ. ಅನ್ವಯ ಮಾತ್ರ ಯಾವ ಕ್ಷಣದಲ್ಲಾದರೂ ಸಾಯಲು ಸಿದ್ಧವಾಗಿ, ತನ್ನ ಸ್ಥಿತಿಯನ್ನು ಆಗಾಗ ಬರೆದಿಡುತ್ತಿರಬೇಕು.

ಕ್ಷೇತ್ರಕಾರ್ಯದಲ್ಲಿ ಇದರ ಪರಿಣಾಮ ನೇರವಾದದ್ದು. ಒಂದು ಗಂಟೆಯ ಮಹಾಕಾವ್ಯ ಗಾಯನವನ್ನು ದೂರವಾಣಿಯಲ್ಲಿ ದಾಖಲಿಸುವಾಗ ಪರದೆ ಆರಿಸಿ ಜೇಬಿಗಿಟ್ಟರೆ, ಬ್ಯಾಟರಿ ಉಳಿಸುವ ನೆಪದಲ್ಲಿ ಕೆಲವು ತಯಾರಕರ ಸಾಧನಗಳು ದಾಖಲೆಯ ಅನ್ವಯವನ್ನೇ ನಿಲ್ಲಿಸಿಬಿಡುತ್ತವೆ. ಆಗ ಏನು ಉಳಿಯುತ್ತದೆ ಎಂಬುದು ಕಡತದ ಬಗೆಯನ್ನು ಅವಲಂಬಿಸಿದೆ. ಎಂ4ಎ ಬಗೆಯ ಕಡತದಲ್ಲಿ ಧ್ವನಿಯ ತುಣುಕುಗಳು ಎಲ್ಲೆಲ್ಲಿವೆ ಎಂಬ ಸೂಚಿಯನ್ನು ಸಾಮಾನ್ಯವಾಗಿ ದಾಖಲೆ ಮುಗಿದ ಮೇಲೆ ಬರೆಯಲಾಗುತ್ತದೆ. ನಡುವೆ ನಿಂತರೆ ಸೂಚಿ ಇಲ್ಲದ ಕಡತ ತೆರೆಯುವುದೇ ಇಲ್ಲ. ವೇವ್ ಬಗೆಯ ಕಡತದಲ್ಲಿ ಧ್ವನಿ ಒಂದರ ಹಿಂದೆ ಒಂದರಂತೆ ನೇರವಾಗಿ ಬರೆದಿರುವುದರಿಂದ, ತಲೆಬರಹ ಕೆಟ್ಟಿದ್ದರೂ ನಿಂತ ಕ್ಷಣದವರೆಗಿನ ಧ್ವನಿಯನ್ನು ಹೊರತೆಗೆಯಬಹುದು. ಗಾತ್ರ ಹಲವು ಪಟ್ಟು ಹೆಚ್ಚಾಗುತ್ತದೆಂಬುದು ನಿಜ. ವಯಸ್ಸಾದ ವಕ್ತೃವನ್ನು ಮತ್ತೊಮ್ಮೆ ಹಾಡಿಸಲು ಆಗದ ಸಂದರ್ಭದಲ್ಲಿ ಆ ಗಾತ್ರ ಹೆಚ್ಚೆನಿಸದು.

ಕನ್ನಡ ಈ ಎರಡು ವ್ಯವಸ್ಥೆಗಳಿಗೆ ಬಂದದ್ದು ಬೇರೆ ಬೇರೆ ಕಾಲದಲ್ಲಿ, ಕಂತುಗಳಲ್ಲಿ. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂಗಳಿಗೆ ವ್ಯವಸ್ಥೆಯ ಮಟ್ಟದ ಬೆಂಬಲ ದೊರೆಯಿತು. 2014ರ 5.0ರಲ್ಲಿ ಸಾಧನದ ಆಯ್ಕೆಪಟ್ಟಿಗಳೂ ಕನ್ನಡದಲ್ಲಿ ಸಿಗುವಂತಾದವು. ಐಓಎಸ್‌ನಲ್ಲಿ ಕನ್ನಡದ ಕೀಲಿಮಣೆ ಬಂದದ್ದು 2017ರ 11ನೆಯ ಆವೃತ್ತಿಯಲ್ಲಿ. ಅದೇ ಆವೃತ್ತಿ 32 ಬಿಟ್ ಅನ್ವಯಗಳನ್ನು ನಡೆಸುವುದನ್ನು ನಿಲ್ಲಿಸಿತು, ಐಫೋನ್ 5ಕ್ಕೆ ದೊರೆಯಲೂ ಇಲ್ಲ. ಒಂದು ಕೈಯಿಂದ ಕೀಲಿಮಣೆ ಕೊಟ್ಟ ಆವೃತ್ತಿ ಇನ್ನೊಂದು ಕೈಯಿಂದ ಹಳೆಯ ಅನ್ವಯಗಳನ್ನು ಕಿತ್ತುಕೊಂಡಿತು.

ಲಿಪಿವಿನ್ಯಾಸವೇ ಸ್ಥಿರತೆಯನ್ನು ಕೆಡಿಸಬಲ್ಲದು ಎಂಬುದಕ್ಕೆ ಮರುವರ್ಷವೇ ನಿದರ್ಶನ ದೊರೆಯಿತು. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರದ ಒಂದು ವಿಶಿಷ್ಟ ರೂಪ ಐಓಎಸ್ 11.2.5 ಇದ್ದ ಸಾಧನಗಳಲ್ಲಿ ತೋರಿಬಂದ ಅನ್ವಯವನ್ನೇ ಕುಸಿಯುವಂತೆ ಮಾಡುತ್ತಿತ್ತು. ಜಕಾರ, ವಿರಾಮ, ಞಕಾರ, ಕಣ್ಣಿಗೆ ಕಾಣದ ಅಸಂಯೋಜಕ ಚಿಹ್ನೆ, ಆಕಾರದ ದೀರ್ಘ — ಹೀಗೆ ಐದು ಸಂಕೇತಗಳು ಈ ಕ್ರಮದಲ್ಲಿ ಬಂದಾಗ ಲಿಪಿ ಜೋಡಿಸುವ ತಂತ್ರಾಂಶ ಮೆಮರಿಯನ್ನು ಕೆಡಿಸುತ್ತಿತ್ತು. ಸಂದೇಶದ ಸೂಚನೆಯಲ್ಲಿ ಆ ಅಕ್ಷರ ಬಂದರೆ ಮುಖಪುಟವೇ ಮತ್ತೆ ಮತ್ತೆ ಬೀಳುತ್ತಿತ್ತು. ಕೆಲವೇ ದಿನಗಳಲ್ಲಿ 11.2.6 ಆವೃತ್ತಿ ಬಂದು ದೋಷ ನಿವಾರಣೆಯಾಯಿತು. 2015ರಲ್ಲಿ ಅರಬ್ಬಿ ಅಕ್ಷರಗಳುಳ್ಳ ಒಂದು ಸಂದೇಶದಿಂದಲೂ ಇಂತಹುದೇ ಕುಸಿತ ಸಂಭವಿಸಿತ್ತು. ರೋಮನ್ ಲಿಪಿಯೊಂದನ್ನೇ ಇಟ್ಟುಕೊಂಡು ಪರೀಕ್ಷಿಸಿದ ವ್ಯವಸ್ಥೆಯನ್ನು ಸ್ಥಿರವೆಂದು ಘೋಷಿಸುವುದು ಎಷ್ಟು ಅಪೂರ್ಣ ಎಂಬುದನ್ನು ನಮ್ಮ ನೆರೆಯ ಲಿಪಿಯ ಒಂದು ಅಕ್ಷರ ತೋರಿಸಿಕೊಟ್ಟಿತು. ಆ ಅಕ್ಷರ ಜ್ಞಾನದ ಮೊದಲಕ್ಷರವೇ ಆಗಿದ್ದುದು ಆಕಸ್ಮಿಕ.

ಪಠ್ಯದ ಸ್ಥಿರತೆ

ಇಷ್ಟು ಸ್ಪಷ್ಟವಾಗಿ ಕುಸಿಯುವ ದೋಷಗಳು ಬೇಗ ಪತ್ತೆಯಾಗುತ್ತವೆ, ಬೇಗ ಸರಿಯಾಗುತ್ತವೆ. ಸಂಶೋಧಕರು ಹೆಚ್ಚು ಹೆದರಬೇಕಾದದ್ದು ಸದ್ದಿಲ್ಲದೆ ನಡೆಯುವ ಬದಲಾವಣೆಗಳಿಗೆ. ಮೂರು ಪದಗಳಿಂದ ಇದನ್ನು ವಿವರಿಸಬಹುದು.

‘ರಾಜ್‌ಕುಮಾರ್’ ಎಂಬಲ್ಲಿ ಜಕಾರದ ವಿರಾಮದ ನಂತರ ಅಸಂಯೋಜಕ ಚಿಹ್ನೆ ಇದೆ. ಒಂದು ಸಾಧನದಿಂದ ಇನ್ನೊಂದಕ್ಕೆ ಹೋಗುವಾಗ ಯಾವುದೋ ಅನ್ವಯ ಅದನ್ನು ಅನಗತ್ಯವೆಂದು ತೆಗೆದುಹಾಕಿದರೆ ಪದ ‘ರಾಜ್ಕುಮಾರ್’ ಆಗುತ್ತದೆ. ‘ರ‍್ಯಾಂಕ್’ ಎಂಬಲ್ಲಿ ರಕಾರದ ನಂತರ ಸಂಯೋಜಕ ಚಿಹ್ನೆ ಇದೆ. ಅದು ಬಿದ್ದುಹೋದರೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ಹಸ್ತಪ್ರತಿಯಲ್ಲಿ ಲಿಪಿಕಾರನ ಕೈತಪ್ಪನ್ನು ಗುರುತಿಸಲು ಅವನ ಅಭ್ಯಾಸಗಳ ಅಧ್ಯಯನ ನೆರವಾಗುತ್ತದೆ. ಇಲ್ಲಿ ತಪ್ಪು ಯಾರ ಕೈಯದೆಂಬುದೇ ತಿಳಿಯದು. ಉಪಭಾಷೆಯ ಉಚ್ಚಾರಣೆಯನ್ನು ಯಥಾವತ್ತಾಗಿ ಬರೆದ ಪದಪಟ್ಟಿಯಲ್ಲಿ ಇಂತಹ ಲೋಪ ಉಂಟಾದರೆ, ಅದನ್ನು ವಕ್ತೃವಿನ ಉಚ್ಚಾರಣೆಯೆಂದೇ ಮುಂದಿನವರು ಓದುವ ಸಾಧ್ಯತೆ ಇದೆ.

ಮೂರನೆಯ ಪದ ‘ಕೋಶ’. ಯೂನಿಕೋಡ್‌ನಲ್ಲಿ ಇದನ್ನು ಕಕಾರ, ಓತ್ವ, ಶಕಾರ ಎಂದು ಮೂರು ಸಂಕೇತಗಳಲ್ಲಿ ಬರೆಯಬಹುದು. ಓತ್ವವನ್ನು ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಬಿಡಿಸಿ ಒಟ್ಟು ಐದು ಸಂಕೇತಗಳಲ್ಲಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನವೆಂದು ಹೇಳುತ್ತದೆ, ಕಣ್ಣಿಗೂ ಎರಡೂ ಒಂದೇ. ಆದರೆ ಎಲ್ಲ ಹುಡುಕು ತಂತ್ರಾಂಶಗಳೂ ಈ ಸಮಾನತೆಯನ್ನು ಪಾಲಿಸುವುದಿಲ್ಲ. 2017ರ ಮೊದಲು ಐಫೋನ್‌ಗಳು ಬಳಸುತ್ತಿದ್ದ ಕಡತವ್ಯವಸ್ಥೆ ಕಡತದ ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಡುತ್ತಿತ್ತು. ಅಲ್ಲಿಂದ ಬಂದ ‘ಪದಕೋಶ’ ಎಂಬ ಕಡತವನ್ನು ಬೇರೆ ಸಾಧನದಲ್ಲಿ ಅದೇ ಹೆಸರು ಬೆರಳಚ್ಚಿಸಿ ಹುಡುಕಿದರೆ ಸಿಗದೆ ಹೋಗಬಹುದು. ಪದಗಳ ಆವೃತ್ತಿಯನ್ನು ಎಣಿಸುವ ಸಂಶೋಧನೆಯಲ್ಲಿ ಎರಡು ಸಾಧನಗಳಿಂದ ಸಂಗ್ರಹಿಸಿದ ಪಠ್ಯವನ್ನು ಕೂಡಿಸುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರದಿದ್ದರೆ ಎಣಿಕೆಯೇ ತಪ್ಪಾಗುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಇಂದಿನ ಎರಡು ವ್ಯವಸ್ಥೆಗಳಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ಸಿಗುವ ಉತ್ತರ ಸರಳವಲ್ಲ. ಐಓಎಸ್ ಬಹುಕಾಲ ಒಂದೇ ತಯಾರಕರಿಂದ ನವೀಕರಣ ಪಡೆಯುತ್ತದೆ, ಆದರೆ ಕನ್ನಡದ ಕೀಲಿಮಣೆಗೆ ಹತ್ತು ವರ್ಷ ಕಾಯಿಸಿತು. ಆಂಡ್ರಾಯ್ಡ್ ಕನ್ನಡಕ್ಕೆ ಮೊದಲೇ ತೆರೆಯಿತು. ಅದರ ನವೀಕರಣ ಮಾತ್ರ ತಯಾರಕರ ಮರ್ಜಿಗೆ ಬಿಟ್ಟದ್ದಾಗಿತ್ತು. ಗೂಗಲ್ 2023ರಿಂದ, ಸ್ಯಾಮ್‌ಸಂಗ್ 2024ರಿಂದ ತಮ್ಮ ಮೇಲ್ದರ್ಜೆಯ ಹೊಸ ಸಾಧನಗಳಿಗೆ ಏಳು ವರ್ಷಗಳ ನವೀಕರಣದ ಭರವಸೆ ಕೊಟ್ಟಿವೆ. ಒಂದು ಪಿಎಚ್.ಡಿ. ಅಧ್ಯಯನದ ಅವಧಿಗೆ ಅದು ಸಾಕು. ನಿಘಂಟಿನ ಯೋಜನೆಗೆ ಸಾಲದು.

ವಿಭಾಗಗಳು ಕ್ಷೇತ್ರಕಾರ್ಯಕ್ಕೆ ಸಾಧನವನ್ನು ಆರಿಸುವಾಗ ಮಾರಾಟಗಾರರ ಪಟ್ಟಿಯಲ್ಲಿರುವ ಅಂಕಿಗಳಿಗಿಂತ ಒಂದು ಸಣ್ಣ ಪರೀಕ್ಷೆಯನ್ನು ನಂಬುವುದು ಲೇಸು. ಟಿಪ್ಪಣಿಯ ಅನ್ವಯದಲ್ಲಿ ಮೇಲಿನ ಮೂರು ಪದಗಳನ್ನು ಬರೆದು, ಉಳಿಸದೆ, ಸಾಧನವನ್ನು ಬಲವಂತವಾಗಿ ಮರುಪ್ರಾರಂಭಿಸಬೇಕು. ಪದಗಳು ಉಳಿದಿದ್ದರೆ ಅವನ್ನು ಸಾದಾ ಪಠ್ಯ ಕಡತವಾಗಿ ಬೇರೊಂದು ಸಾಧನಕ್ಕೆ ಕಳುಹಿಸಿ ಸಂಕೇತಗಳನ್ನು ಎಣಿಸಬೇಕು: ‘ಕೋಶ’ ಎಂಬುದು ಮೂರು ಅಥವಾ ಐದು, ಎರಡರಲ್ಲಿ ಯಾವುದಾದರೂ ಸರಿ, ಹೋದಷ್ಟೇ ಬಂದಿರಬೇಕು. ಬಳಿಕ ಧ್ವನಿದಾಖಲೆ ಆರಂಭಿಸಿ, ಪರದೆ ಆರಿಸಿ, ನಡುವೆ ಇನ್ನೊಂದು ದೂರವಾಣಿಯಿಂದ ಕರೆ ಮಾಡಿ ನೋಡಬೇಕು. ಸಾದಾ ಪಠ್ಯವಾಗಿ ಕಡತವನ್ನು ಹೊರಗೆ ಕಳುಹಿಸಲು ಬಿಡದ ಅನ್ವಯವಿದ್ದರೆ ಉಳಿದ ಪರೀಕ್ಷೆಗಳನ್ನು ಮಾಡುವ ಅಗತ್ಯವೇ ಬೀಳುವುದಿಲ್ಲ.